ಹತ್ತು ಸೆಂಟಿನ ಸಾಮಾನು, ಅಂದದ ಕಟ್ಟಡ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಈಗ ನಮ್ಮ ಊರೂರಲ್ಲೂ ಇದ್ದಾರೆ. ಈ ಮಾತು ಮುಖ್ಯವಾಗಿ ಅವರಿಗೆ. ಮಕ್ಕಳು ಮಾಲ್ ತೋರಿಸುತ್ತಾರೆ, ನಯಾಗರ ತೋರಿಸುತ್ತಾರೆ. ಒಂದು ಮಧ್ಯಾಹ್ನ ಮಾತ್ರ ಹಟ ಹಿಡಿದು, ಊರಿನ ಹಳೇ ಪೇಟೆಗೆ, ಅವರು ಡೌನ್‌ಟೌನ್ ಅನ್ನುತ್ತಾರಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ ಅನ್ನಿ. ದೊಡ್ಡ ಬೀದಿಯಲ್ಲಿ ನಿಂತು ತಲೆ ಎತ್ತಿ ನೋಡಿ.

ಏನು ಕಾಣುತ್ತದೆ? 'ಫೈವ್ ಅಂಡ್ ಡೈಮ್' ಎಂಬ ಹಳೇ ಕಾಲದ ಅಂಗಡಿಗಳ ಕಟ್ಟಡ. ಡೈಮ್ ಅಂದರೆ ಹತ್ತು ಸೆಂಟಿನ ನಾಣ್ಯ. ಸೂಜಿ, ದಾರ, ಬಾಚಣಿಗೆ, ಆಟಿಕೆ, ಎಲ್ಲ ಐದು ಸೆಂಟಿಗೆ, ಹತ್ತು ಸೆಂಟಿಗೆ. ಫ್ರಾಂಕ್ ವುಲ್ವರ್ತ್ ಎಂಬಾತ 1879ರಲ್ಲಿ ಯುಟಿಕಾ ಎಂಬ ಊರಿನಲ್ಲಿ ಮೊದಲು ಅಂಗಡಿ ತೆರೆದ, ಅದು ನಡೆಯಲಿಲ್ಲ. ಅದೇ ವರ್ಷ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ತೆರೆದದ್ದು ಕೈಹಿಡಿಯಿತು. ಆಗೆಲ್ಲ ಸಾಮಾನು ಅಂಗಡಿಯವನ ಬೆನ್ನ ಹಿಂದೆ ಇರುತ್ತಿತ್ತು. ಕೇಳಬೇಕು, ಅವನು ತೆಗೆದು ತೋರಿಸಬೇಕು. ವುಲ್ವರ್ತ್ ಎಲ್ಲವನ್ನೂ ಮೇಜಿನ ಮೇಲೆ ಹರಡಿದ. ಚೌಕಾಸಿ ಇಲ್ಲ, ಮುಟ್ಟಿ ನೋಡಿ, ಬೇಕಾದರೆ ತೆಗೆದುಕೊಳ್ಳಿ.

ಕಟ್ಟಡವೂ ಹಾಗೆಯೇ ರೂಪುಗೊಂಡಿತು. ಬೀದಿಯ ಕಡೆ ಅಗಲ ಕಡಿಮೆ, ಒಳಗೆ ಉದ್ದ. ಮೇಲೆ ಕೆಂಪು ಬೋರ್ಡು, ಚಿನ್ನದ ಬಣ್ಣದ ಅಕ್ಷರ. ಬಾಗಿಲನ್ನು ಬೀದಿಯಿಂದ ಒಂದಷ್ಟು ಒಳಗೆ ಇಡುತ್ತಿದ್ದರು. ಅಲ್ಲಿಗೆ ತಲುಪುವಷ್ಟರಲ್ಲಿ ಎರಡೂ ಬದಿಯ ಗಾಜಿನಲ್ಲಿ ಅರ್ಧ ಅಂಗಡಿ ನೋಡಿ ಮುಗಿದಿರುತ್ತದೆ! ಕಾಲಡಿಗೆ ನಮ್ಮ ಹಳೇ ಮನೆಗಳ ಮೊಸಾಯಿಕ್‌ನಂಥ ನೆಲ, ಎಷ್ಟೋ ಕಡೆ ಅದರಲ್ಲೇ ಅಂಗಡಿಯ ಹೆಸರು.

ಇಂಥ ಅಂಗಡಿ ನಡೆಸಿದವರಲ್ಲಿ ನನಗೆ ಅಚ್ಚುಮೆಚ್ಚು ಸ್ಯಾಮ್ಯುಯೆಲ್ ಕ್ರೆಸ್. 1896ರಲ್ಲಿ ಮೆಂಫಿಸ್‌ನಲ್ಲಿ ಶುರು ಮಾಡಿದವನು ತನ್ನ ಕಂಪನಿಯೊಳಗೇ ವಾಸ್ತುಶಿಲ್ಪಿಗಳನ್ನು ಇಟ್ಟುಕೊಂಡ. ಅವರಲ್ಲಿ ಎಡ್ವರ್ಡ್ ಸಿಬರ್ಟ್ 1929ರಿಂದ 1944ರವರೆಗೆ ಐವತ್ತಕ್ಕೂ ಹೆಚ್ಚು ಅಂಗಡಿಗಳನ್ನು ವಿನ್ಯಾಸ ಮಾಡಿದ. ನೇರ ಗೆರೆ, ಜ್ಯಾಮಿತಿಯ ಅಲಂಕಾರಗಳ ಆರ್ಟ್ ಡೆಕೊ ಶೈಲಿ, ಮುಖಕ್ಕೆ ಸುಟ್ಟ ಮಣ್ಣಿನ ಮೆರುಗು ಬಿಲ್ಲೆ, ಅಂಚಿನಲ್ಲಿ ಬಣ್ಣದ ಹೂಬಳ್ಳಿ, ಎಲ್ಲಕ್ಕಿಂತ ಮೇಲೆ ಕ್ರೆಸ್ ಎಂಬ ಹೆಸರು. ಹತ್ತು ಸೆಂಟಿನ ಸಾಮಾನು ಕೊಳ್ಳುವವನಿಗೆ ಅಗ್ಗದ ಕಟ್ಟಡ ಕಟ್ಟಲಿಲ್ಲ. ದಯವಿಟ್ಟು ಇದನ್ನು ಗಮನಿಸಿ. ನಮ್ಮ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಅಮೆರಿಕ ಅಂದರೆ ಗಗನಚುಂಬಿ ಮಾತ್ರ. ಆಗಲಿ, ಆ ಲೆಕ್ಕದಲ್ಲೂ ನ್ಯೂಯಾರ್ಕಿನ ವುಲ್ವರ್ತ್ ಕಟ್ಟಡ ಇದೆ: 1913, 792 ಅಡಿ, ಆಗ ಜಗತ್ತಿನಲ್ಲೇ ಎತ್ತರದ್ದು. ಸಾಲ ಮಾಡದೆ ನಗದು ಕೊಟ್ಟು ಕಟ್ಟಿಸಿದ್ದು. ಒಳಗಿನ ಹಜಾರದಲ್ಲಿ ವುಲ್ವರ್ತ್ ನಾಣ್ಯ ಎಣಿಸುತ್ತಿರುವ ಪುಟ್ಟ ಶಿಲ್ಪವೂ ಇದೆ.

ಈಗ ಗ್ರೀನ್ಸ್‌ಬರೋ ಕತೆ. ಇದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ. ಈ ಅಂಗಡಿಗಳ ಒಳಗೆ ಊಟದ ಕೌಂಟರ್ ಇರುತ್ತಿತ್ತು. ಉದ್ದ ಹಲಗೆ, ಅದರ ಮುಂದೆ ನೆಲಕ್ಕೆ ಬಿಗಿದ ಸ್ಟೂಲುಗಳ ಸಾಲು. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋದ ವುಲ್ವರ್ತ್‌ನಲ್ಲಿ ಅದು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿತ್ತು. 1960ರ ಫೆಬ್ರವರಿ 1, ಸೋಮವಾರ. ಎಜೆಲ್ ಬ್ಲೇರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್, ನಾಲ್ವರೂ ಕಪ್ಪು ಜನಾಂಗದ ಹುಡುಗರು, ಕಾಲೇಜಿನ ಮೊದಲ ವರ್ಷ. ಮೊದಲು ಹಲ್ಲುಜ್ಜುವ ಪೇಸ್ಟು, ಇನ್ನೊಂದೆರಡು ಸಾಮಾನು ಕೊಂಡರು. ರಸೀದಿ ಜೋಪಾನವಾಗಿ ಇಟ್ಟುಕೊಂಡರು. ಆಮೇಲೆ ಹೋಗಿ ಸ್ಟೂಲಿನ ಮೇಲೆ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಆ ಕೌಂಟರ್‌ನಲ್ಲಿ ಬಿಳಿಯರಷ್ಟೇ ಕೂರಬಹುದಿತ್ತು. ಕಟ್ಟಡದ ದೃಷ್ಟಿಯಿಂದ ನೋಡಿ. ಸೂರು ಒಂದೇ, ನೆಲ ಒಂದೇ, ನಡುವೆ ಗೋಡೆಯಿಲ್ಲ. ಪೇಸ್ಟಿನ ಮೇಜಿನ ಹತ್ತಿರ ಅವರ ದುಡ್ಡು ನಡೆಯುತ್ತದೆ, ಅದೇ ಹಜಾರದ ಸ್ಟೂಲಿನ ಹತ್ತಿರ ನಡೆಯುವುದಿಲ್ಲ! ರಸೀದಿ ಅದಕ್ಕೇ ಬೇಕಿತ್ತು. ಅಂಗಡಿ ಮುಚ್ಚುವವರೆಗೂ ನಾಲ್ವರೂ ಕದಲಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ವಾರದೊಳಗೆ ನೂರಾರು ಮಂದಿ, ಆಮೇಲೆ ದಕ್ಷಿಣದ ಬೇರೆ ಊರುಗಳಲ್ಲೂ ಅದೇ. ಜುಲೈ 25ರಂದು ಆ ಕೌಂಟರ್ ಎಲ್ಲರಿಗೂ ತೆರೆಯಿತು. ಇವತ್ತು ಅದರ ಒಂದು ತುಂಡು, ನಾಲ್ಕು ಸ್ಟೂಲುಗಳ ಸಮೇತ, ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಗ್ರೀನ್ಸ್‌ಬರೋದ ಆ ಕಟ್ಟಡವೂ 2010ರಿಂದ ವಸ್ತುಸಂಗ್ರಹಾಲಯವಾಗಿದೆ.

ಸಮಯ ಓಡುತ್ತಿದೆ, ಉಳಿದದ್ದು ಚುಟುಕಾಗಿ. ಕಾರು ಬಂತು, ಜನ ಊರ ಹೊರಗೆ ಮನೆ ಮಾಡಿದರು, ಅಂಗಡಿಗಳೂ ಅವರ ಹಿಂದೆ ಹೋದವು. ಇದೇ ವ್ಯಾಪಾರದ ಕ್ರೆಸ್ಗಿ ಕಂಪನಿ (ಕ್ರೆಸ್ ಅಲ್ಲ, ಇದು ಬೇರೆ) 1962ರಲ್ಲಿ ಕೆಮಾರ್ಟ್ ಎಂಬ ದೊಡ್ಡ ಅಗ್ಗದ ಮಳಿಗೆ ತೆರೆಯಿತು. ವಾಲ್‌ಮಾರ್ಟ್ ಶುರುವಾದದ್ದೂ ಅದೇ ವರ್ಷ, ಅದನ್ನು ಕಟ್ಟಿದ ಸ್ಯಾಮ್ ವಾಲ್ಟನ್ ಅದಕ್ಕೆ ಮೊದಲು ನಡೆಸುತ್ತಿದ್ದದ್ದು ಇಂಥದೇ ಅಂಗಡಿ. ವುಲ್ವರ್ತ್ 1997ರಲ್ಲಿ ಅಮೆರಿಕದ ತನ್ನ ಹಳೇ ಮಳಿಗೆಗಳನ್ನೆಲ್ಲ ಮುಚ್ಚಿತು.

ಕಟ್ಟಡಗಳು ಮಾತ್ರ ಎಷ್ಟೋ ಊರುಗಳಲ್ಲಿ ನಿಂತಿವೆ. ಕೆಳಗೆ ಬ್ಯಾಂಕೋ ಹೋಟೆಲೋ ಬಂದಿರುತ್ತದೆ, ಹೊಸ ಬೋರ್ಡು ನೋಡಿ ಮೋಸಹೋಗಬೇಡಿ. ತಲೆ ಎತ್ತಿ ನೋಡಿ ಅಂದದ್ದು ಅದಕ್ಕೇ. ಟೆಕ್ಸಸ್‌ನಲ್ಲಿ ಮಕ್ಕಳಿದ್ದರೆ ಎಲ್ ಪಾಸೊದ ಕ್ರೆಸ್ ಕಟ್ಟಡ ನೋಡಿಬನ್ನಿ, ಅದೂ ಸಿಬರ್ಟ್‌ನದೇ. ಉತ್ತರ ಕ್ಯಾರೊಲಿನಾ ಕಡೆ ಹೋದವರು ಏಷ್‌ವಿಲ್‌ನ ಹೇವುಡ್ ಬೀದಿಗೆ ಹೋಗಿ. ಅಲ್ಲಿಯ ಹಳೇ ವುಲ್ವರ್ತ್ ಈಗ ಊರಿನ ಕಲಾವಿದರ ಮಳಿಗೆ, ಒಳಗೆ ಸೋಡಾ ಕೌಂಟರ್ ಕೂಡ ಇದೆ. ನಮಸ್ಕಾರ.