ಚಾರ್ಮಾಡಿ ಘಾಟಿ, ಅಪ್ಪ ಮತ್ತು ಮೀಟರ್ ಬೋರ್ಡಿನ ಆ ಚಿಕ್ಕ ಪರದೆ

ಇದು ಚಾರ್ಮಾಡಿ ಊರು ದಾಟಿ ಘಾಟಿ ಶುರುವಾಗೋ ಜಾಗ. ಬೆಳಗ್ಗೆ ಏಳೂವರೆ. ಪಕ್ಕದಲ್ಲಿ ಅಪ್ಪ ಕೂತಿದ್ದಾರೆ. ಸ್ಟೇರಿಂಗ್ ಹಿಂದೆ, ಎರಡು ಮುಳ್ಳುಗಳ ನಡುವೆ ಒಂದು ಚಿಕ್ಕ ಪರದೆ ಕಾಣ್ತಿದೆಯಲ್ಲ, ಅದರಲ್ಲಿ 103 ಅಂತ ಇದೆ. ಇರೋ ಪೆಟ್ರೋಲಲ್ಲಿ ಇನ್ನೂ 103 ಕಿಲೋಮೀಟರ್ ಹೋಗಬಹುದು ಅಂತ ಅರ್ಥ.

ಈಗ ಕೊಟ್ಟಿಗೆಹಾರ. ನೀರುದೋಸೆಗೆ ಗಾಡಿ ನಿಲ್ಲಿಸಿದೀವಿ. ಪರದೆ ನೋಡಿ, 58. ಅಪ್ಪ ಇಳಿದವರೇ ಬಗ್ಗಿ ಗಾಡಿ ಅಡಿ ನೋಡಿದ್ರು. "ಅಷ್ಟು ದೂರ ನಾವು ಬಂದೇ ಇಲ್ವಲ್ಲೋ ಮಗಾ. ಟ್ಯಾಂಕ್ ಎಲ್ಲಾದ್ರೂ ಸೋರ್ತಿದೆಯಾ?"

ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಅವರು ಓಡಿಸಿದ್ದು ಹಳೇ ಜೀಪು. ಅದರ ಪೆಟ್ರೋಲ್ ಮುಳ್ಳು ಕೆಟ್ಟು ಎಷ್ಟೋ ವರ್ಷ ಆಗಿತ್ತು. ಟ್ಯಾಂಕಿಗೆ ಒಂದು ಬಿದಿರುಕಡ್ಡಿ ಅದ್ದಿ, ಎಲ್ಲಿವರೆಗೆ ಒದ್ದೆ ಆಗಿದೆ ಅಂತ ಬೆರಳಿಟ್ಟು ನೋಡೋರು. ಕಡ್ಡಿ ತೋರಿಸಿದ್ದು ಅಳತೆ. ಈ ಪರದೆ ತೋರಿಸ್ತಿರೋದು ಅಳತೆ ಅಲ್ಲ, ಅಂದಾಜು. ಇವತ್ತಿನ ವಿಡಿಯೋದಲ್ಲಿ ನಾನು ಹೇಳಬೇಕು ಅಂತಿರೋದು ಇದನ್ನೇ. ಆ ಪರದೆ ಮೇಲೆ ಅಳತೆಯೂ ಇದೆ, ಅಂದಾಜೂ ಇದೆ, ಎರಡೂ ಒಂದೇ ಅಕ್ಷರದಲ್ಲಿ ಬರುತ್ತೆ.

ಟ್ಯಾಂಕೊಳಗೆ ಒಂದು ತೇಲುಬುರುಡೆ ಇರುತ್ತೆ. ಪೆಟ್ರೋಲ್ ಇಳಿದ ಹಾಗೆ ಅದೂ ಇಳಿಯುತ್ತೆ, ಅದಕ್ಕೆ ಸೇರಿಸಿರೋ ಕಡ್ಡಿ ವಿದ್ಯುತ್ತಿನ ತಡೆಯನ್ನ ಹೆಚ್ಚುಕಮ್ಮಿ ಮಾಡುತ್ತೆ. ಎಷ್ಟು ಪೆಟ್ರೋಲ್ ಉಳಿದಿದೆ ಅನ್ನೋದು ಗಾಡಿಗೆ ಗೊತ್ತಾಗೋದು ಹಾಗೆ. ಇಳಿಜಾರಲ್ಲಿ ನಿಲ್ಲಿಸಿದ್ರೆ ಪೆಟ್ರೋಲ್ ಒಂದು ಕಡೆ ಸರಿದು ಲೆಕ್ಕ ಸ್ವಲ್ಪ ವಾಲುತ್ತೆ. ಇನ್ನೊಂದು ಕಡೆ, ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಪ್ರತಿ ಸಲ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಅಂತ ಇಂಜಿನ್ ಕಂಪ್ಯೂಟರ್‌ಗೆ ಗೊತ್ತು, ತೆರೆಯೋಕೆ ಹೇಳೋದೇ ಅದು. ಚಕ್ರ ಎಷ್ಟು ಸುತ್ತು ಸುತ್ತಿತು ಅನ್ನೋದು ಸೆನ್ಸರಿನಿಂದ ಬರುತ್ತೆ. ಸುಟ್ಟ ಪೆಟ್ರೋಲ್, ಓಡಿದ ದೂರ, ಎರಡೂ ಸೇರಿದ್ರೆ ಮೈಲೇಜ್. ಈಚೆಗೆ ಓಡಿಸಿದ ಮೈಲೇಜಿಗೆ ಉಳಿದ ಪೆಟ್ರೋಲನ್ನ ಗುಣಿಸಿದ್ರೆ ಆ 103.

ಘಾಟಿ ಹತ್ತುವಾಗ ಎರಡನೇ ಗೇರು, ಮೂರನೇ ಗೇರು. ಇಂಜಿನ್ ಪೆಟ್ರೋಲ್ ಜಾಸ್ತಿ ಕುಡೀತು. ಇವನು ಇನ್ಮುಂದೆಯೂ ಹೀಗೇ ಓಡಿಸ್ತಾನೆ ಅಂದುಕೊಂಡು ಗಾಡಿ ಲೆಕ್ಕ ಹಾಕಿತು, ನಂಬರ್ ಕುಸೀತು. ಮುಂದೆ ಮೂಡಿಗೆರೆ ಕಡೆ ರಸ್ತೆ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಟ್ಯಾಂಕ್ ಸೋರಿಲ್ಲ.

ಈ ಎಲ್ಲ ಸುದ್ದಿ ಪರದೆಗೆ ಬರೋ ದಾರಿ ನನಗೆ ತುಂಬ ಇಷ್ಟ. ಹೆಸರು ಕ್ಯಾನ್ ಬಸ್. ಬಾಷ್ ಕಂಪನಿ ಇದನ್ನ 1986ರಲ್ಲಿ ಜಗತ್ತಿಗೆ ತೋರಿಸಿತು. ಎರಡೇ ವೈರು, ಹುರಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿರುತ್ತೆ. ಇಂಜಿನ್, ಬ್ರೇಕ್, ಏರ್‌ಬ್ಯಾಗ್, ಮೀಟರ್ ಬೋರ್ಡ್, ಎಲ್ಲದರ ಕಂಪ್ಯೂಟರೂ ಅದಕ್ಕೇ ಜೋತುಬಿದ್ದಿರುತ್ತೆ. ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳುತ್ತೆ, ಯಾರಿಗೆ ಬೇಕೋ ಅವರು ತಗೋತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದ್ರೆ, ಯಾರ ಸಂದೇಶದ ನಂಬರ್ ಚಿಕ್ಕದೋ ಅವರ ಮಾತು ಮುಂದುವರಿಯುತ್ತೆ, ಇನ್ನೊಬ್ಬರು ಸುಮ್ಮನಾಗಿ ಕಾಯ್ತಾರೆ. ಅವಸರದ ವಿಷಯಕ್ಕೆ ಚಿಕ್ಕ ನಂಬರ್ ಕೊಟ್ಟಿರ್ತಾರೆ. ವೈರ್ ಹೊಸೆದಿರೋದ್ಯಾಕೆ ಅಂದ್ರೆ, ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಒಂದೇ ಸಮ ಬೀಳುತ್ತೆ. ಗಾಡಿ ಓದೋದು ಎರಡರ ನಡುವಿನ ವ್ಯತ್ಯಾಸವನ್ನ ಮಾತ್ರ, ಹಾಗಾಗಿ ಗದ್ದಲ ಲೆಕ್ಕಕ್ಕೇ ಬರಲ್ಲ.

ಇದು ಮಾರನೇ ದಿನ, ವಾಪಸ್ ಇಳೀತಿರೋದು. ಮಂಜು ನೋಡಿ ಹೇಗಿದೆ! ಮೂರನೇ ಗೇರಲ್ಲಿದೀನಿ, ಆಕ್ಸಿಲರೇಟರಿಂದ ಕಾಲು ತೆಗೆದಿದೀನಿ. ಆ ಕ್ಷಣದ ಮೈಲೇಜ್ ತೋರಿಸೋ ಪಟ್ಟಿ ಪೂರ್ತಿ ತುಂಬಿ ನಿಂತಿದೆ. ಗೇರಲ್ಲಿ ಇಳಿಯುವಾಗ ಚಕ್ರವೇ ಇಂಜಿನನ್ನ ತಿರುಗಿಸ್ತಾ ಇರುತ್ತೆ, ಅದಕ್ಕೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ಇನ್ನೂ ಎಷ್ಟೋ ಜನ ನಂಬಿದಾರೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದ ಹಾಗೆ ನೋಡ್ಕೊಳ್ಳೋಕೆ ಪೆಟ್ರೋಲ್ ಬೇಕೇ ಬೇಕು. ಜೊತೆಗೆ ಇಂಜಿನ್ ಹಿಡಿತ ಹೋಗಿ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತೆ. ಘಾಟಿಯಲ್ಲಿ ದಯವಿಟ್ಟು ನ್ಯೂಟ್ರಲ್ ಹಾಕಬೇಡಿ.

ಅರ್ಧ ಇಳಿದಿದ್ವಿ, ಪರದೆ ಮೇಲೆ ಹಳದಿ ದೀಪ. ಕುದುರೆ ಲಾಳದ ಥರ ಒಂದು ಚಿತ್ರ, ಒಳಗೆ ಆಶ್ಚರ್ಯಸೂಚಕ. ಟೈರಲ್ಲಿ ಗಾಳಿ ಕಮ್ಮಿ. ಅಗಲ ಜಾಗ ಸಿಕ್ಕಿದ ಮೇಲೆ ನಿಲ್ಲಿಸಿ ನೋಡಿದ್ರೆ ಹಿಂದಿನ ಎಡ ಚಕ್ರದಲ್ಲಿ ಒಂದು ಮೊಳೆ, ತಲೆ ಸವೆದು ಹೊಳೀತಿತ್ತು. ನಮ್ಮ ಗಾಡಿಯ ಟೈರೊಳಗೆ ಗಾಳಿ ಅಳೆಯೋ ಸೆನ್ಸರೇ ಇಲ್ಲ. ಗಾಳಿ ಕಮ್ಮಿಯಾದ ಚಕ್ರದ ಸುತ್ತಳತೆ ಒಂಚೂರು ಚಿಕ್ಕದಾಗುತ್ತೆ, ಅಷ್ಟೇ ದೂರಕ್ಕೆ ಅದು ಬೇರೆಯವುಗಳಿಗಿಂತ ಜಾಸ್ತಿ ಸುತ್ತುತ್ತೆ. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡ್ಕೊಳ್ಳೋ ಎಬಿಎಸ್‌ನ ಸೆನ್ಸರ್ ಆ ಸುತ್ತು ಎಣಿಸಿ ಹೇಳುತ್ತೆ. ಹಾಗಾಗಿ ನಾಲ್ಕೂ ಟೈರಲ್ಲಿ ನಿಧಾನವಾಗಿ, ಒಂದೇ ಸಮ ಗಾಳಿ ಇಳಿದ್ರೆ ಇಂಥ ಗಾಡಿಗೆ ಗೊತ್ತಾಗದೇ ಇರಬಹುದು. ಗಾಳಿ ಹೊಡೆಸಿದ ಮೇಲೆ ರೀಸೆಟ್ ಮಾಡೋದನ್ನೂ ಮರೀಬೇಡಿ.

ಬಣ್ಣದ ವಿಷಯ ಅಪ್ಪನಿಗೆ ಒಂದೇ ಮಾತಲ್ಲಿ ಹೇಳಿದೆ. ಹಳದಿ ಬಂದ್ರೆ ಬೇಗ ತೋರಿಸು. ಕೆಂಪು ಬಂದ್ರೆ, ಅದೂ ಆಯಿಲ್ ಡಬ್ಬಿ ಚಿತ್ರ ಕೆಂಪಾದ್ರೆ, ನಿಲ್ಲಿಸು, ಇಂಜಿನ್ ಆರಿಸು, ಇನ್ನೊಂದು ಕಿಲೋಮೀಟರ್ ಅಂತ ಎಳೀಬೇಡ. ಕೀ ತಿರುಗಿಸಿದ ತಕ್ಷಣ ಎಲ್ಲ ದೀಪ ಒಮ್ಮೆ ಹತ್ತಿ ಆರುತ್ತಲ್ಲ, ಅದು ದೀಪ ಸರಿ ಇದೆಯಾ ಅಂತ ಗಾಡಿ ತಾನೇ ನೋಡ್ಕೊಳ್ಳೋದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಆ ಕೆಲವು ಸೆಕೆಂಡ್ ಕಣ್ಣಿಟ್ಟು ನೋಡಿ. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ ಅಂದ್ರೆ ಯಾರೋ ಅದಕ್ಕೆ ಕೈಹಾಕಿರಬಹುದು.

ವೇಗ 80 ದಾಟಿದಾಗ ಬರೋ ಬೀಪ್ ಬಗ್ಗೆ ಹೋದ ವಿಡಿಯೋದಲ್ಲಿ ಕೇಳಿದ್ರಿ. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಅದು ಕಡ್ಡಾಯ. 120 ದಾಟಿದ್ರೆ ಬೀಪ್ ನಿಲ್ಲೋದೇ ಇಲ್ಲ.

ಈಗ ಉಜಿರೆ. ಮೊದಲು ಪಂಕ್ಚರ್ ಹಾಕಿಸಿದ್ವಿ, ಆಮೇಲೆ ಬಂಕ್. ಪರದೆ ಹೇಳೋ ಸರಾಸರಿ ಮೈಲೇಜ್ ನಿಜಾನಾ ಅಂತ ನೋಡೋಕೆ ನಾನು ಇವತ್ತಿಗೂ ಹಳೇ ದಾರಿಯೇ ಹಿಡಿಯೋದು. ಟ್ಯಾಂಕ್ ಫುಲ್ ಮಾಡಿ, ಓಡಿದ ದೂರ ಎಣಿಸೋ ಟ್ರಿಪ್ ಮೀಟರನ್ನ ಸೊನ್ನೆ ಮಾಡೋದು, ಮುಂದಿನ ಸಲ ಮತ್ತೆ ಫುಲ್ ಮಾಡಿದಾಗ ಎಷ್ಟು ಲೀಟರ್ ಹಿಡೀತು ನೋಡಿ ಭಾಗಿಸೋದು. ಹೋದ ತಿಂಗಳು 412 ಕಿಲೋಮೀಟರಿಗೆ 23.8 ಲೀಟರ್ ಹಿಡೀತು, ಅಂದ್ರೆ 17.3. ಪರದೆ 18.4 ಅಂದಿತ್ತು.

ಅಪ್ಪ ಡ್ರೈವರ್ ಸೀಟಲ್ಲಿ ಕೂತು ಬಟನ್ ಒತ್ತಿ ಹಿಡಿದ್ರು. ಟ್ರಿಪ್ ಎ, 0.0. ಬಂಕಿನ ಹುಡುಗನ ಹತ್ತಿರ ಬಿಲ್ ಕೇಳಿ ತಗೊಂಡು, ಲೀಟರ್ ಬರೆದಿರೋ ಕಡೆ ಪೆನ್ನಲ್ಲಿ ಗುರುತು ಮಾಡಿ, ಶರ್ಟ್ ಜೇಬಿಗೆ ಹಾಕ್ಕೊಂಡ್ರು.