ಹೆಲ್ಪ್ ಇರುವಾಗ ಅಸಿಸ್ಟೆನ್ಸ್ ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ.

ಮನೆಯಲ್ಲಿ ತುಳುವೋ ಹವ್ಯಕವೋ, ಶಾಲೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳ. ಇಷ್ಟನ್ನೂ ಸಲೀಸಾಗಿ ಆಡುತ್ತಾರೆ ನಮ್ಮ ಕಾಸರಗೋಡಿನ ಮಕ್ಕಳು. ಆದರೆ ಇಂಗ್ಲಿಷ್ ಬರೆಯಲು ಕೂತರೆ ಹೆದರಿಕೆ. ಉದ್ದುದ್ದ ಪದ ಹಾಕದಿದ್ದರೆ ಮಾರ್ಕು ಸಿಗದು ಎಂಬ ಹೆದರಿಕೆ. ಹಾಗಾಗಿ ಹೆಲ್ಪ್ ಸಾಕಾಗುವಲ್ಲಿ ಅಸಿಸ್ಟೆನ್ಸ್, ಯೂಸ್ ಸಾಕಾಗುವಲ್ಲಿ ಯುಟಿಲೈಸೇಷನ್. ವಾಕ್ಯ ಅರ್ಧಕ್ಕೆ ಬರುವಾಗ ಹೇಳಬೇಕಾದ ಮಾತೇ ಮರೆತಿರುತ್ತದೆ.

ಉದ್ದದ ಪದಕ್ಕೆ ಈ ಗತ್ತು ಎಲ್ಲಿಂದ ಬಂತು? 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಆಮೇಲೆ ಬಹಳ ಕಾಲ ಅರಮನೆಯಲ್ಲೂ ಕೋರ್ಟಿನಲ್ಲೂ ಫ್ರೆಂಚ್, ಚರ್ಚಿನಲ್ಲಿ ಲ್ಯಾಟಿನ್. ಹೊಲ, ಮನೆ, ಅಡುಗೆಯ ಮಾತು ಮಾತ್ರ ಇಂಗ್ಲಿಷ್. ಈಟ್, ಡ್ರಿಂಕ್, ಹೌಸ್, ವಾಟರ್ ಎಲ್ಲಾ ಆ ಮನೆಮಾತಿನವು. ಉದ್ದದ ಪದಗಳು ಹೆಚ್ಚಾಗಿ ದೊಡ್ಡವರ ಕಡೆಯಿಂದ ಬಂದವು. ಆ ದೊಡ್ಡಸ್ತಿಕೆಯನ್ನು ಇವತ್ತು ನಮ್ಮ ಮಕ್ಕಳು ಸುಮ್ನೆ ಹೊರುತ್ತಿದ್ದಾರೆ.

ಇಂಗ್ಲಿಷಿನವರಿಗೇ ಇದು ಸಾಕಾಗಿದೆ. 1952ರಲ್ಲಿ ಅಮೆರಿಕದ ರಾಬರ್ಟ್ ಗನ್ನಿಂಗ್ ಒಂದು ಲೆಕ್ಕ ಹಾಕಿಕೊಟ್ಟರು. ವಾಕ್ಯಕ್ಕೆ ಸರಾಸರಿ ಎಷ್ಟು ಪದ, ನೂರು ಪದಗಳಲ್ಲಿ ಮೂರು ಅಥವಾ ಜಾಸ್ತಿ ಸಿಲೆಬಲ್, ಅಂದರೆ ಉಚ್ಚಾರದ ತುಂಡು, ಇರುವ ಪದ ಎಷ್ಟು ಎಂದು ಎಣಿಸಿ, ಕೂಡಿಸಿ, 0.4ರಿಂದ ಗುಣಿಸಬೇಕು. ಆ ಬರಹ ಅರ್ಥವಾಗಲು ಎಷ್ಟು ವರ್ಷ ಶಾಲೆಗೆ ಹೋಗಿರಬೇಕು ಎಂಬುದು ಅದರ ಉತ್ತರ. 1979ರಲ್ಲಿ ಕ್ರಿಸ್ಸಿ ಮಾಹರ್ ಎಂಬ ಹೆಣ್ಣುಮಗಳು ಲಂಡನ್ನಿನ ಪಾರ್ಲಿಮೆಂಟ್ ಎದುರು ಅರ್ಥವಾಗದ ಸರ್ಕಾರಿ ಫಾರಂಗಳನ್ನು ಚೂರು ಚೂರು ಮಾಡಿ ಸರಳ ಇಂಗ್ಲಿಷಿಗಾಗಿ ಚಳವಳಿ ಶುರು ಮಾಡಿದರು. 2010ರಲ್ಲಿ ಅಮೆರಿಕದಲ್ಲಿ ಸರ್ಕಾರಿ ಬರಹ ಸರಳವಾಗಿರಬೇಕೆಂದು ಕಾನೂನೇ ಬಂತು.

ಹಾಗಂತ ಉದ್ದದ ಪದವೇ ಬೇಡ ಎನ್ನುತ್ತಿಲ್ಲ. ಮಳೆಗಾಲದಲ್ಲಿ ನಮ್ಮ ಅಡಿಕೆಯ ಕಾಯಿ ಕೊಳೆತು ಉದುರುವ ರೋಗ ಮಹಾಳಿ. ಅದಕ್ಕೆ ವಿಜ್ಞಾನಿಗಳು ಫೈಟೊಫ್ತೋರಾ ಎಂಬ ಹೆಸರು ಹೇಳಲೇಬೇಕು. ಲೋಕದ ಯಾವ ಮೂಲೆಯ ವಿಜ್ಞಾನಿಗೂ ಯಾವ ರೋಗಾಣು ಎಂದು ಅದರಿಂದಲೇ ಗೊತ್ತಾಗುವುದು. ಆದರೆ ಅದೇ ಪದ ರೈತನ ಕೈಗೆ ಕೊಡುವ ಚೀಟಿಯಲ್ಲಿ ಯಾಕೆ?

ಎಂಡೋಸಲ್ಫಾನಿನ ನೋವು ಉಂಡ ಜಿಲ್ಲೆ ನಮ್ಮದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸಿಂಪಡಿಸಿದ ಕೀಟನಾಶಕ ವಿಷ ಅದು. ಇಂಥ ವಿಷಗಳನ್ನು ತಡೆಯಲು ಲೋಕದ ದೇಶಗಳು ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ 2011ರಲ್ಲಿ ಅದು ಸೇರಿತು. ಪರ್ಸಿಸ್ಟೆಂಟ್ ಆರ್ಗಾನಿಕ್ ಪೊಲ್ಯುಟೆಂಟ್ಸ್ ಎಂದು ಆ ಪಟ್ಟಿಯ ಹೆಸರು. ಒಪ್ಪಂದಕ್ಕೆ ಆ ಹೆಸರು ಸರಿ. ಆ ನೋವು ಉಂಡ ನಮ್ಮ ಎಣ್ಮಕಜೆ ಊರಿನ ತಾಯಿಗೆ ಹೇಳುವಾಗ, ಬೇಗ ಹಾಳಾಗದೆ ಮಣ್ಣಲ್ಲೂ ನೀರಲ್ಲೂ ಮೈಯಲ್ಲೂ ಉಳಿಯುವ ವಿಷ ಎಂದೇ ಹೇಳಬೇಕು. ವಿಷದ ವಿಚಾರ ಅರ್ಥವಾಗದ ಮಾತಿನಲ್ಲಿ ಹೇಳುವುದು ಅನ್ಯಾಯ.

ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಮಳೆಗಾಲದ ಸೌಂದರ್ಯದ ಬಗ್ಗೆ ಪ್ರಬಂಧ ಬರೆಸುವ ಬದಲು, ಮಹಾಳಿ ಬಾರದಂತೆ ಅಡಿಕೆಗೆ ಮದ್ದು ಬಿಡುವುದು, ಅಂದರೆ ಸಿಂಪಡಿಸುವುದು, ಹೇಗೆ ಎಂದು ಇಂಗ್ಲಿಷಿನಲ್ಲಿ ಬರೆಸಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಬೇಕು, ಕಲಕುತ್ತಾ ಒಟ್ಟಿಗೆ ಸುರಿಯಬೇಕು, ಅದೇ ದಿನ ಬಿಡಬೇಕು. ಮಿಕ್ಸ್, ಪೋರ್, ಸ್ಟರ್, ಸ್ಪ್ರೇ. ಮಕ್ಕಳಿಗೆ ಗೊತ್ತಿರುವ ಕೆಲಸ, ಗೊತ್ತಿರುವ ಪದ. ಬರೆದದ್ದನ್ನು ಪಕ್ಕದ ಹುಡುಗನಿಗೆ ಕೊಟ್ಟು ಓದಿಸಿ. ಅವನಿಗೆ ಅರ್ಥವಾದರೆ ಪೂರ್ತಿ ಮಾರ್ಕು ಕೊಡಿ.

ನಮಸ್ಕಾರ.