‘ಎನಿ’ ಅಂದರೆ ಕಂಪೈಲರ್ ಬಾಯಿಗೆ ಬೀಗ

ಎಲ್ಲರಿಗೂ ನಮಸ್ಕಾರ. ಟೈಪ್‌ಸ್ಕ್ರಿಪ್ಟ್ ಅಂದರೆ ಜಾವಾಸ್ಕ್ರಿಪ್ಟ್‌ಗೆ ಟೈಪ್, ಅಂದರೆ ಯಾವ ಡೇಟಾ ಯಾವ ಬಗೆಯದು ಅನ್ನುವ ಗುರುತು, ಸೇರಿಸಿದ ಭಾಷೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇಲ್ಲಿರುವ ಬಹಳ ಜನ ದಿನವಿಡೀ ವೆಬ್ ಪುಟ ಕಟ್ಟುವ ಫ್ರೇಮ್‌ವರ್ಕ್ ಆದ ಆಂಗ್ಯುಲರ್‌ನಲ್ಲೇ ಇರುವವರು. 2015ರಲ್ಲಿ ಆಂಗ್ಯುಲರ್ ತಂಡ ತನ್ನದೇ ಭಾಷೆ ಆಟ್‌ಸ್ಕ್ರಿಪ್ಟ್ ಬಿಟ್ಟು ಮೈಕ್ರೋಸಾಫ್ಟ್‌ನ ಟೈಪ್‌ಸ್ಕ್ರಿಪ್ಟ್ ಹಿಡಿದ ಕಥೆಯೂ ನಿಮಗೆ ಗೊತ್ತು. ನಾನು ಬಂದಿರುವುದು ‘ಎನಿ’ ಬಗ್ಗೆ, ಅಂದರೆ ‘ಯಾವ ಬಗೆಯದಾದರೂ ಸರಿ’ ಅನ್ನುವ ಟೈಪ್ ಬಗ್ಗೆ ಮಾತಾಡಲು. ಅದನ್ನು ಬರೆದ ಕಡೆ, ಕೋಡ್‌ನ ತಪ್ಪು ಹಿಡಿದು ಹೇಳುವ ಕಂಪೈಲರ್ ಬಾಯಿಗೆ ನಾವೇ ಬೀಗ ಹಾಕುತ್ತೇವೆ.

ಒಂದು ಘಟನೆ ಹೇಳುತ್ತೇನೆ. ಆಂಗ್ಯುಲರ್ 11ರ ಕಾಲ. ನಾವು ಒಂದು ಅಂಗಡಿಗೆ ಆರ್ಡರ್ ಪುಟ ಮಾಡಿದ್ದೆವು. ಎಷ್ಟು ಬೇಕು ಅಂತ ಬರೆಯಲು ಒಂದು ಟೆಕ್ಸ್ಟ್ ಬಾಕ್ಸ್, ಪಕ್ಕದಲ್ಲಿ ಪ್ಲಸ್, ಮೈನಸ್ ಬಟನ್. ಗಿರಾಕಿಯೊಬ್ಬರು 2 ಅಂತ ಟೈಪ್ ಮಾಡಿದರು. ತಂಗಿಗೂ ಒಂದಿರಲಿ ಅಂತ ಪ್ಲಸ್ ಒತ್ತಿದರು. ಬಾಕ್ಸ್‌ನಲ್ಲಿ 21 ಬಂತು! ಅವರು ನೋಡಲಿಲ್ಲ. ದುಡ್ಡು ಮನೆ ಬಾಗಿಲಲ್ಲಿ ಕೊಡುವುದು ತಾನೆ? ಮೂರು ಕುಕ್ಕರ್ ಕಾಯುತ್ತಿದ್ದವರ ಮನೆಗೆ ಇಪ್ಪತ್ತೊಂದು ಕುಕ್ಕರ್ ಹೊತ್ತ ಗಾಡಿ ಬಂದು ನಿಂತಿತು.

ಟೆಸ್ಟಿಂಗ್‌ನಲ್ಲಿ ಇದು ಯಾಕೆ ಸಿಗಲಿಲ್ಲ? ಟೆಸ್ಟ್ ಮಾಡಿದವರು ಮೊದಲು ಮೈನಸ್ ಒತ್ತಿದ್ದರು. ಬಾಕ್ಸ್‌ನಿಂದ ಬರುವುದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಅಲ್ವಾ? ಸ್ಟ್ರಿಂಗ್‌ಗೆ ಪ್ಲಸ್ ಒತ್ತಿದರೆ ಜಾವಾಸ್ಕ್ರಿಪ್ಟ್ 2ರ ಪಕ್ಕಕ್ಕೆ 1 ಅಂಟಿಸುತ್ತದೆ. ಮೈನಸ್ ಒತ್ತಿದರೆ ಮಾತ್ರ ಅದನ್ನು ನಂಬರ್ ಮಾಡಿಕೊಂಡು ಕಳೆಯುತ್ತದೆ. ಒಮ್ಮೆ ನಂಬರ್ ಆದಮೇಲೆ ಪ್ಲಸ್ ಕೂಡ ಸರಿಯಾಗಿಯೇ ಕೂಡಿಸುತ್ತದೆ.

ಕಂಪೈಲರ್ ಯಾಕೆ ಸುಮ್ನೆ ಇತ್ತು? ಆಗ ಫಾರ್ಮ್‌ಕಂಟ್ರೋಲ್‌ನ, ಅಂದರೆ ಬಾಕ್ಸ್‌ನಲ್ಲಿ ಬರೆದದ್ದನ್ನು ಹಿಡಿದಿಡುವ ಆಂಗ್ಯುಲರ್ ಭಾಗದ, ವ್ಯಾಲ್ಯೂ ‘ಎನಿ’ ಆಗಿತ್ತು. ಬೀಗ ಹಾಕಿದ್ದು ಫ್ರೇಮ್‌ವರ್ಕೇ. 2022ರ ಜೂನ್‌ನಲ್ಲಿ ಆಂಗ್ಯುಲರ್ 14 ಬಂತು, ಫಾರ್ಮ್‌ಗಳಿಗೆ ಟೈಪ್ ಬಂತು. ಈಗ ಖಾಲಿ ಸ್ಟ್ರಿಂಗ್ ಕೊಟ್ಟು ಫಾರ್ಮ್‌ಕಂಟ್ರೋಲ್ ಮಾಡಿದರೆ, ಅದರಲ್ಲಿರುವುದು ಸ್ಟ್ರಿಂಗ್ ಇಲ್ಲವೇ ನಲ್ (ಏನೂ ಇಲ್ಲ) ಅಂತ ಕಂಪೈಲರ್‌ಗೆ ತಾನಾಗಿಯೇ ಗೊತ್ತಾಗುತ್ತದೆ. ಕಟ್ಟುನಿಟ್ಟಿನ ತಪಾಸಣೆಯ ಸೆಟ್ಟಿಂಗ್ ‘ಸ್ಟ್ರಿಕ್ಟ್’ ಆನ್ ಇದ್ದರೆ ನಮ್ಮ ಆ ಪ್ಲಸ್ ಸಾಲಿನ ಕೆಳಗೆ ಕೋಡ್ ಬರೆಯುವಾಗಲೇ ಕೆಂಪು ಗೆರೆ ಬೀಳುತ್ತಿತ್ತು.

ಆದರೆ ಅಪ್‌ಡೇಟ್ ಮಾಡಿದಾಗ ಏನಾಯಿತು? ಹಳೆಯ ಕೋಡ್ ಒಡೆಯದಿರಲಿ ಅಂತ ಆಂಗ್ಯುಲರ್ ನಮ್ಮ ಹಳೆಯ ಫಾರ್ಮ್‌ಗಳಿಗೆಲ್ಲ ‘ಅನ್‌ಟೈಪ್ಡ್’, ಅಂದರೆ ಟೈಪ್ ಇಲ್ಲದ್ದು, ಅಂತ ಹೆಸರು ಸೇರಿಸಿತು. ನಿಧಾನವಾಗಿ ಬದಲಾಯಿಸಿಕೊಳ್ಳಿ ಅಂತ ಕೊಟ್ಟ ಅನುಕೂಲ ಅದು. ನಾವು ಅದನ್ನೇ ಕಾಯಂ ಮಾಡಿಕೊಂಡೆವು. ಬೀಗ ಹಾಗೇ ಉಳಿಯಿತು. ನನಗೆ ನಿಜವಾಗಿ ಬೇಸರ ಆಗುವುದು ಇದಕ್ಕೇ.

ಸಮಯ ಆಯಿತು ಅಂತ ಚೀಟಿ ಬಂತು. ಇನ್ನೆರಡು ವಿಷಯ ಓಡಿಸಿಬಿಡುತ್ತೇನೆ. ಸರ್ವರ್‌ನಿಂದ ಡೇಟಾ ತರುವಾಗ ‘ಗೆಟ್’ ಅನ್ನುವ ಆಜ್ಞೆಯ ಪಕ್ಕ ‘ಆರ್ಡರ್’ ಅಂತ ಟೈಪ್ ಬರೆಯುತ್ತೀರಿ. ಅದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಬ್ರೌಸರ್ ತಲುಪುವ ಹೊತ್ತಿಗೆ ಟೈಪ್‌ಗಳೆಲ್ಲ ಅಳಿಸಿಹೋಗಿರುತ್ತವೆ. ಹೊರಗಿನಿಂದ ಬಂದದ್ದನ್ನು ‘ಅನ್‌ನೋನ್’ (ಏನೆಂದು ಗೊತ್ತಿಲ್ಲ) ಅಂತ ತೆಗೆದುಕೊಂಡು, ನೋಡಿ ಒಳಗೆ ಬಿಡಿ. ಎರಡನೆಯದು, ಪುಟದ ಎಚ್‌ಟಿಎಂಎಲ್‌ನಲ್ಲೂ ಟೈಪ್ ನೋಡುವ ಸ್ಟ್ರಿಕ್ಟ್ ಟೆಂಪ್ಲೇಟ್ಸ್ ಸೆಟ್ಟಿಂಗ್ ಆನ್ ಮಾಡಿ. ಅದರ ಬಗ್ಗೆ ಇವತ್ತು ಅಷ್ಟೇ.

ನಾಳೆ ಆಫೀಸಿಗೆ ಹೋದ ಕೂಡಲೇ ಪ್ರಾಜೆಕ್ಟ್‌ನಲ್ಲಿ ‘ಅನ್‌ಟೈಪ್ಡ್’ ಅಂತ ಹುಡುಕಿ. ದುಡ್ಡು, ಎಣಿಕೆ ಇರುವ ಫಾರ್ಮ್‌ನಿಂದ ಶುರು ಮಾಡಿ. ದಿನಕ್ಕೆ ಒಂದು ಸಾಕು. ಎಲ್ಲಾದರೂ ಸಿಕ್ಕಿಕೊಂಡರೆ ಕೋಡ್ ತನ್ನಿ, ಟೀ ಕೊಡುವ ಕಡೆ ಇರುತ್ತೇನೆ, ಒಟ್ಟಿಗೆ ಕೂತು ನೋಡೋಣ.